ಖರಿತಿಯೋನ್: ಒಂದು ಹೆಸರಿನ ಕಥೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಕಡೆಯ ಹವ್ಯಕರ ಮನೆಮಾತಿನಲ್ಲಿ ಹೆಣ್ಣುಮಗುವಿಗೆ ‘ಕೂಸು’ ಎನ್ನುತ್ತಾರೆ. ‘ಕೂಸು ಬಂತು’ ಎನ್ನುವಾಗ ವ್ಯಾಕರಣದ ಲಿಂಗ ನಪುಂಸಕ. ಆಡುವವರ ಮನಸ್ಸಿನಲ್ಲಿರುವುದು ಅಕ್ಕರೆ. ಪ್ರಾಚೀನ ಗ್ರೀಕರಲ್ಲಿಯೂ ಇಂಥ ಬಳಕೆಯಿತ್ತು. ‘ಖರಿಸ್’ ಎಂಬ ಶಬ್ದಕ್ಕೆ ‘ಇಯೋನ್’ ಪ್ರತ್ಯಯ ಸೇರಿ ‘ಖರಿತಿಯೋನ್’ ಆಗುತ್ತದೆ. ರೂಪದಲ್ಲಿ ಇದು ನಪುಂಸಕ, ಬಳಕೆಯಲ್ಲಿ ಹೆಣ್ಣಿನ ಮುದ್ದಿನ ಹೆಸರು.

ಈ ಹೆಸರು ಕನ್ನಡ ವಿದ್ವತ್ತಿಗೆ ಅಪರಿಚಿತವಲ್ಲ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತು 1903ರಲ್ಲಿ ಪ್ರಕಟವಾದ, ಕ್ರಿಸ್ತಶಕ ಎರಡನೆಯ ಶತಮಾನದ ಪಪೈರಸ್ ಪ್ರಹಸನವೊಂದರ ನಾಯಕಿ ಈಕೆ. ಭಾರತದ ಕಡಲತೀರದಲ್ಲಿ, ಚಂದ್ರದೇವತೆಯ ಗುಡಿಯಲ್ಲಿ ಸೆರೆಯಾಗಿದ್ದಾಳೆ. ಅಣ್ಣನ ಕಡೆಯವರು ಅಲ್ಲಿಯ ಅರಸನಿಗೂ ಪರಿವಾರಕ್ಕೂ ನೀರು ಬೆರೆಸದ ಮದ್ಯ ಕುಡಿಸಿ, ಅವಳನ್ನು ಬಿಡಿಸಿಕೊಂಡು ಹಡಗು ಹತ್ತುತ್ತಾರೆ. ಅರಸನ ಕಡೆಯವರ ಅನ್ಯಭಾಷೆಯ ಮಾತುಗಳು ಕನ್ನಡವೆಂದು 1904ರಲ್ಲಿ ಹುಲ್ಟ್ಸ್ ಸೂಚಿಸಿದರು, ಆರ್. ಶಾಮಶಾಸ್ತ್ರಿಗಳು ಆ ವಾದವನ್ನು ಬೆಳೆಸಿದರು. 1926ರಲ್ಲಿ ಬಾರ್ನೆಟ್ ಅದನ್ನು ಅಲ್ಲಗಳೆದರು. ಅವು ತುಳು ಎಂದವರೂ ಇದ್ದಾರೆ. ವಾದ ಇನ್ನೂ ತೀರ್ಮಾನವಾಗಿಲ್ಲ. ಅಭಿಮಾನವೊಂದೇ ಪ್ರಮಾಣವಾಗದೆಂಬುದನ್ನು ನಾವು ಮರೆಯಬಾರದು.

ಆದರೆ ಅರಸನ ಮಾತಿಗೆ ಕಿವಿಗೊಟ್ಟ ನಾವು ನಾಯಕಿಯ ಹೆಸರಿಗೆ ಅಷ್ಟು ಗಮನ ಕೊಡಲಿಲ್ಲ. ‘ಖರಿಸ್’ ಎಂದರೆ ಚೆಲುವು, ಅನುಗ್ರಹ, ಕೃತಜ್ಞತೆ. ‘ಸಂತೋಷಪಡು’ ಎಂಬರ್ಥದ ಗ್ರೀಕ್ ಧಾತುವಿಗೆ ಅದು ಸಂಬಂಧಿ. ವೇದಭಾಷೆಯ ‘ಹರ್ಯತಿ’ಯೂ ಅದೇ ಬಳಗದ್ದೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಗ್ರೀಕ್ ಪುರಾಣದ ಮೂವರು ಸೌಂದರ್ಯದೇವತೆಯರಿಗೆ ‘ಖರಿತೆಸ್’ ಎಂದೇ ಹೆಸರು. ಮುಂದೆ ಕ್ರೈಸ್ತ ಧರ್ಮಗ್ರಂಥದಲ್ಲಿ ದೇವರ ಕೃಪೆಗೂ ಈ ಶಬ್ದವೇ ಸಂದಿತು. ಕೊಡುವವನ ಕೃಪೆಗೂ ಪಡೆದವನ ಕೃತಜ್ಞತೆಗೂ ಒಂದೇ ಮಾತು. ನಮ್ಮ ‘ಪ್ರಸಾದ’ ಅದರ ಸಮೀಪಕ್ಕೆ ಬರುತ್ತದೆ, ಅಷ್ಟನ್ನೂ ಹೇಳಲಾರದು.

ಪ್ರಹಸನದಲ್ಲಿ ಒಂದು ಸನ್ನಿವೇಶವಿದೆ. ಓಡಿಹೋಗುವ ಆತುರದ ನಡುವೆ ವಿದೂಷಕನು ದೇವಿಯ ಕಾಣಿಕೆಯನ್ನು ಕದಿಯೋಣವೆನ್ನುತ್ತಾನೆ. ಖರಿತಿಯೋನ್ ತಡೆಯುತ್ತಾಳೆ: ರಕ್ಷಣೆ ಬೇಡುವವರು ದೇವರ ಸ್ವತ್ತಿಗೆ ಕೈಯಿಕ್ಕಿದರೆ ಮೊರೆಯನ್ನು ಕೇಳುವವರಾರು, ಎಂಬುದು ಅವಳ ತರ್ಕ. ತನ್ನನ್ನು ಸೆರೆಯಿಟ್ಟ ಗುಡಿಯ ದೇವತೆಗೂ ಅವಳು ಋಣ ತಪ್ಪಲಿಲ್ಲ.

ನಗೆಯಾಟದ ನಡುವೆ ಆ ಒಂದು ಗಳಿಗೆ ಅವಳು ತನ್ನ ಹೆಸರಿನ ಅರ್ಥವನ್ನು ನಡೆದು ತೋರಿಸಿದ್ದಾಳೆ. ಅರಸನ ಮಾತು ಕನ್ನಡವಾಗಿರಲಿ, ಆಗದಿರಲಿ, ಈ ಹೆಣ್ಣಿನ ಮಾತು ನಮಗೆ ಅರ್ಥವಾಗುವಂಥದು.