ಶೌರ್ಯಕ್ಕೆ ಕುಲದ ಮುದ್ರೆ

ಕೆಲವರು ಹುಟ್ಟಿನಿಂದ ಶೂರರು, ಕೆಲವರು ಹುಟ್ಟಿನಿಂದ ಹೇಡಿಗಳು ಎಂಬ ನಂಬಿಕೆ ಬಹು ಪ್ರಾಚೀನವಾದುದು. ಆದರೆ ಒಂದು ಸಾಮ್ರಾಜ್ಯವು ಈ ನಂಬಿಕೆಯನ್ನೇ ರಾಜ್ಯನೀತಿಯನ್ನಾಗಿ ಸ್ವೀಕರಿಸಿ, ಅದಕ್ಕನುಸಾರವಾಗಿ ಸೈನ್ಯವನ್ನು ಕಟ್ಟಿದುದಕ್ಕೆ ಬ್ರಿಟಿಷರ ಆಳಿಕೆಯ ಭರತಖಂಡವು ಸ್ಪಷ್ಟವಾದ ನಿದರ್ಶನವಾಗಿದೆ. 'ಯೋಧಕುಲ'ಗಳ ಸಿದ್ಧಾಂತವೆಂದು ಹೆಸರಾದ ಈ ಮತದ ಉತ್ಪತ್ತಿಯನ್ನು ವಿಚಾರಿಸಿದರೆ, ಪೂರ್ವಗ್ರಹವು ಅಧಿಕಾರದ ಆಶ್ರಯದಲ್ಲಿ ಶಾಸ್ತ್ರದ ವೇಷವನ್ನು ಧರಿಸುವ ಬಗೆಯು ತಿಳಿದುಬರುತ್ತದೆ.

ಈಸ್ಟ್ ಇಂಡಿಯಾ ಕಂಪೆನಿಯ ರಾಜ್ಯವು ಬೆಳೆದುದು ದಕ್ಷಿಣದ ಸಿಪಾಯಿಗಳ ತೋಳ್ಬಲದಿಂದಲೂ ಹೌದು. 1751ರಲ್ಲಿ ಆರ್ಕಾಟಿನ ಕೋಟೆಯನ್ನು ಹಿಡಿದು ಕಾದವರಲ್ಲಿ ಅವರಿದ್ದರು. 1757ರಲ್ಲಿ ಪ್ಲಾಸಿಯ ರಣರಂಗದಲ್ಲಿಯೂ ಇದ್ದರು. ಅವರಿಗೆ ಇದಿರಾಗಿ ನಿಂತ ಮೈಸೂರಿನ ಸೈನ್ಯವಾದರೂ ದಕ್ಷಿಣದ್ದೇ. 1780ರ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನ ಬಳಿ ಹೈದರನ ಮತ್ತು ಟಿಪ್ಪುವಿನ ದಳಗಳು ಕರ್ನಲ್ ಬೈಲಿಯ ಪಡೆಯನ್ನು ನಾಶಮಾಡಿದಾಗ, ದಕ್ಷಿಣದವರಿಗೆ ಯುದ್ಧವು ಒಲಿಯದೆಂದು ಹೇಳುವ ಧೈರ್ಯವು ಯಾವ ಆಂಗ್ಲ ಸೇನಾನಿಗೂ ಇದ್ದಿರಲಾರದು.

ಈ ಅಭಿಪ್ರಾಯವು ಬದಲಾಗಲು 1857 ಮುಖ್ಯವಾದ ಕಾರಣವಾಯಿತು. ಅಂದು ತಿರುಗಿಬಿದ್ದ ಬಂಗಾಳ ಸೈನ್ಯದಲ್ಲಿ ಔಧ್ ಮತ್ತು ಬಿಹಾರ ಪ್ರಾಂತಗಳ ಬ್ರಾಹ್ಮಣರೂ ರಜಪೂತರೂ ಹೆಚ್ಚಾಗಿದ್ದರು. ಅದುವರೆಗೆ ಅವರ ಎತ್ತರವನ್ನೂ ಕುಲೀನತೆಯನ್ನೂ ಕೊಂಡಾಡುತ್ತಿದ್ದ ಅಧಿಕಾರಿಗಳಿಗೆ ಆ ಕುಲೀನತೆಯೇ ಶಂಕಾಸ್ಪದವಾಯಿತು. 1849ರಲ್ಲಿ ಸೋತು ರಾಜ್ಯವನ್ನು ಕಳೆದುಕೊಂಡಿದ್ದ ಸಿಖ್ಖರು ದಂಗೆಯ ಕಾಲದಲ್ಲಿ ಬ್ರಿಟಿಷರ ಪಕ್ಷವನ್ನು ಹಿಡಿದುದರಿಂದ ಗುರ್ಖರೊಡನೆ ಅವರೂ ಆದರ್ಶ ಯೋಧರಾದರು. ಪರೀಕ್ಷೆಗೆ ಒಳಗಾದುದು ನಿಷ್ಠೆ. ಪ್ರಶಸ್ತಿಯು ದೊರೆತುದು ಮಾತ್ರ ಶೌರ್ಯದ ಹೆಸರಿನಲ್ಲಿ. 1859ರಲ್ಲಿ ಪೀಲ್ ಆಯೋಗವು ಬಂಗಾಳದಲ್ಲಿ ಒಬ್ಬ ಯುರೋಪಿಯನ್ ಸಿಪಾಯಿಗೆ ಇಬ್ಬರು ದೇಶೀಯರು, ಮದರಾಸು ಮತ್ತು ಬೊಂಬಾಯಿಗಳಲ್ಲಿ ಒಬ್ಬನಿಗೆ ಮೂವರು, ಎಂಬ ಪ್ರಮಾಣವನ್ನು ಸೂಚಿಸಿತು. ಸೈನ್ಯದ ರಚನೆಯಲ್ಲಿ ಹೊರಗಿನ ಶತ್ರುವಿನಷ್ಟೇ ಒಳಗಿನ ಪ್ರಜೆಯ ಭಯವೂ ಕೆಲಸಮಾಡುತ್ತಿದ್ದಿತು.

ಅನಂತರ ರಷ್ಯದ ಭೀತಿಯು ಸೇರಿಕೊಂಡಿತು. ಮದರಾಸಿನಲ್ಲಿ ದಂಡನಾಯಕನಾಗಿದ್ದು, 1885ರಿಂದ 1893ರವರೆಗೆ ಇಡೀ ಭಾರತದ ಸೈನ್ಯಕ್ಕೆ ಅಧಿಪತಿಯಾಗಿದ್ದ ರಾಬರ್ಟ್ಸನು, ದೀರ್ಘಕಾಲದ ಶಾಂತಿಯಿಂದ ದಕ್ಷಿಣದವರು ಮೆತ್ತಗಾಗಿದ್ದಾರೆಂದೂ ವಾಯವ್ಯದ ಗಡಿಯಲ್ಲಿ ಅವರು ನಿಲ್ಲಲಾರರೆಂದೂ ದೃಢವಾಗಿ ನಂಬಿದ್ದನು. ಹಲವು ಮದರಾಸು ದಳಗಳನ್ನು ಒಡೆದು, ಪಂಜಾಬಿಗಳಿಂದ ತುಂಬಲಾಯಿತು. ಉಳಿದವುಗಳಿಗೆ ಕಾವಲಿನ ಕೆಲಸವೇ ಗತಿಯಾಯಿತು. ಸಮರ್ಥರಾದ ಅಧಿಕಾರಿಗಳು ಉತ್ತರದ ದಳಗಳನ್ನೇ ಅಪೇಕ್ಷಿಸಿದರು. ಯುದ್ಧವನ್ನು ಕಾಣಗೊಡಿಸದೆ ಇಟ್ಟು, ಬಳಿಕ ಯುದ್ಧಾನುಭವವಿಲ್ಲವೆಂದು ಹಳಿಯುವ ಈ ಕ್ರಮದಲ್ಲಿ, ಸಿದ್ಧಾಂತವು ತನಗೆ ಬೇಕಾದ ಸಾಕ್ಷ್ಯವನ್ನು ತಾನೇ ನಿರ್ಮಿಸಿಕೊಂಡಿತು.

ಮಹಾರರಿಗೆ ಆದ ಅನ್ಯಾಯವು ಇನ್ನೂ ಕಠಿನವಾದುದು. 1818ರ ಜನವರಿ 1ರಂದು ಕೋರೆಗಾವಿನಲ್ಲಿ ಕಂಪೆನಿಯ ಪರವಾಗಿ ಹೋರಾಡಿ ಮಡಿದ ಮಹಾರರ ಹೆಸರುಗಳನ್ನು ಅಲ್ಲಿಯ ಕಲ್ಲಿನ ಕಂಬದ ಮೇಲೆ ಕೆತ್ತಲಾಗಿದೆ. ಆದರೂ 1890ರ ದಶಕದ ಆದಿಯಲ್ಲಿ ಅವರನ್ನು ಸೇರಿಸಿಕೊಳ್ಳುವುದು ನಿಂತಿತು. ಊರಿನಲ್ಲಿ ಅಸ್ಪೃಶ್ಯನೆನಿಸಿದವನಿಗೆ ಸೈನ್ಯವು ಸಂಬಳವನ್ನೂ ವಿದ್ಯೆಯನ್ನೂ ಗೌರವವನ್ನೂ ಕೊಟ್ಟಿದ್ದಿತು. ಡಾ॥ ಅಂಬೇಡ್ಕರರ ತಂದೆ ಸುಬೇದಾರರಾಗಿದ್ದವರು. ಹಿಂದೂ ಸಮಾಜದ ಮೇಲುಕೀಳನ್ನು ಬ್ರಿಟಿಷ್ ಸರಕಾರವು ತನ್ನದನ್ನಾಗಿ ಮಾಡಿಕೊಂಡಾಗ ಆ ಬಾಗಿಲೂ ಮುಚ್ಚಿತು. ಎರಡು ಪೂರ್ವಗ್ರಹಗಳು ಹೀಗೆ ಒಂದರ ಕೈಯನ್ನೊಂದು ಹಿಡಿದವು.

ಮಹಾಯುದ್ಧಗಳು ಈ ಮತದ ಪೊಳ್ಳನ್ನು ಬಯಲುಮಾಡಿದವು. 1914ರ ಯುದ್ಧದಲ್ಲಿ ಹಳೆಯ ಕುಲಗಳಿಂದ ಜನರು ಸಾಲದೆ ಬಂದಾಗ, ಹೊರಗಿಟ್ಟಿದ್ದವರಿಗೆ ಕರೆಹೋಯಿತು. 1917ರಲ್ಲಿ ಮಹಾರರ ದಳವೊಂದು ಹುಟ್ಟಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಹಿಡಿಯುವಲ್ಲಿ ಜೋಧಪುರದ ರಾವುತರೊಡನೆ ಮೈಸೂರಿನ ರಾವುತರೂ ಭಾಗಿಗಳಾದರು. ಯುದ್ಧವು ತೀರಿದಮೇಲೆ ಅಗತ್ಯವೂ ತೀರಿತು, ಕೃತಜ್ಞತೆಯೂ ತೀರಿತು. ಮಹಾರರ ದಳವನ್ನು 1921ರಲ್ಲಿಯೂ, ಮದರಾಸಿನ ಪದಾತಿಗಳನ್ನು ಆ ದಶಕ ಮುಗಿಯುವುದರೊಳಗೂ ವಿಸರ್ಜಿಸಲಾಯಿತು. 1933ರಲ್ಲಿಯೂ ಮ್ಯಾಕ್‌ಮನ್ ಎಂಬ ಸೇನಾಧಿಕಾರಿಯು ಯೋಧಕುಲಗಳನ್ನು ಕುರಿತು ಗ್ರಂಥವನ್ನೇ ಬರೆದನು. ಎರಡನೆಯ ಮಹಾಯುದ್ಧದಲ್ಲಿ ಇಪ್ಪತ್ತೈದು ಲಕ್ಷ ಜನರು ಬೇಕಾದಾಗ, 1941ರಲ್ಲಿ ಮಹಾರ್ ಮತ್ತು ಮದ್ರಾಸ್ ರೆಜಿಮೆಂಟುಗಳು ಮರಳಿ ತಲೆಯೆತ್ತಿದವು. ಹುಟ್ಟಿನ ಹೇಡಿತನವು ಅಭಾವದ ಕಾಲದಲ್ಲಿ ಮಾಯವಾಗಿ, ಸುಭಿಕ್ಷದಲ್ಲಿ ಮರಳುವುದಾದರೆ, ಅದರ ನೆಲೆಯು ಸಿಪಾಯಿಯ ರಕ್ತದಲ್ಲಿಲ್ಲ, ಕಚೇರಿಯ ಕಡತದಲ್ಲಿದೆ.

ಹೊಗಳಿಸಿಕೊಂಡವರಿಗೂ ಈ ಮತವು ನಿರಪಾಯವಾಗಿರಲಿಲ್ಲ. ಯೋಧನೆಂದು ಕರೆಯಿಸಿಕೊಂಡವನು ಬುದ್ಧಿಯಲ್ಲಿ ಮಂದನೆಂದೂ ಗೋರಾ ಅಧಿಕಾರಿಯಿಲ್ಲದೆ ನಡೆಯಲಾರನೆಂದೂ ಅದೇ ಸಿದ್ಧಾಂತವು ಹೇಳುತ್ತಿದ್ದಿತು. ಓದಿದವನಿಗೆ ಬುದ್ಧಿಯುಂಟು, ಎದೆಯಿಲ್ಲ ಎನ್ನುತ್ತಿದ್ದಿತು. ಹೀಗೆ ಕತ್ತಿಯನ್ನು ಹಿಡಿಯಬಲ್ಲವನಿಗೆ ಆಳುವ ಯೋಗ್ಯತೆಯಿಲ್ಲ, ಆಳಬಲ್ಲವನಿಗೆ ಕತ್ತಿಯಿಲ್ಲ. ಎರಡೂ ಉಳ್ಳವರು ಆಳುವವರೊಬ್ಬರೇ ಎಂಬ ತೀರ್ಮಾನವನ್ನು ಬಾಯಿಬಿಟ್ಟು ಹೇಳುವ ಅಗತ್ಯವಿರಲಿಲ್ಲ.

1949ರ ಜನವರಿ 15ರಂದು ಕೊಡಗಿನ ಕಾರಿಯಪ್ಪನವರು ಸ್ವತಂತ್ರ ಭಾರತದ ಸೈನ್ಯಕ್ಕೆ ಮೊದಲನೆಯ ಭಾರತೀಯ ಮಹಾದಂಡನಾಯಕರಾದರು. ಕೊಡವರ ಶೌರ್ಯವನ್ನು ಬ್ರಿಟಿಷರೂ ಮೆಚ್ಚಿದ್ದರು. ಆದರೆ ಸೈನ್ಯವನ್ನು ನಡೆಸುವ ಅಧಿಕಾರವು ಭಾರತೀಯನಿಗೆ ಸಲ್ಲದೆಂಬ ಮಾತು ಅಂದಿಗೆ ಮುಗಿಯಿತು. ಅದೇ ವರ್ಷ ಎಲ್ಲ ಪ್ರಾಂತಗಳ, ಎಲ್ಲ ಜಾತಿಗಳ ಯೋಧರು ಒಟ್ಟಿಗೆ ನಿಲ್ಲುವ ಗಾರ್ಡ್ಸ್ ದಳವು ಅವರ ಪ್ರೇರಣೆಯಿಂದ ಹುಟ್ಟಿತು. ಆದರೂ ಕುಲಗಳ ಹೆಸರನ್ನು ಹೊತ್ತ ರೆಜಿಮೆಂಟುಗಳು ಅಳಿದುಹೋಗಲಿಲ್ಲ. ಕಡತದಲ್ಲಿ ಹುಟ್ಟಿದ ಭೇದವು ಕಾಲಾಂತರದಲ್ಲಿ ಅಭಿಮಾನವಾಗಿ ಮನಸ್ಸಿನಲ್ಲಿ ನೆಲೆಗೊಳ್ಳುತ್ತದೆ. ಕಡತವನ್ನು ಸುಟ್ಟಮಾತ್ರದಿಂದ ಅದು ಹೋಗುವುದಿಲ್ಲ.