ಎಲೆ ಬಾಡಿದರೆ ಬೇರು ನೋಡು

ಸವಣೂರೆಂದೊಡನೆ ನವಾಬರ ನೆನಪಾಗುತ್ತದೆ. ಅದರ ಬೆನ್ನಿಗೇ ವೀಳ್ಯದೆಲೆಯ ನೆನಪಾಗುತ್ತದೆ. ನವಾಬರ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಎಲೆಯ ಕೀರ್ತಿ ಮಾತ್ರ ಉಳಿದುಕೊಂಡಿತು. ನೆರೆಯ ಹಾನಗಲ್ಲು, ಶಿಗ್ಗಾಂವಿ, ಹಿರೇಕೆರೂರು ತಾಲೂಕುಗಳ ತೋಟಗಾರರಿಗೂ ಎಲೆಬಳ್ಳಿ ಅಪರಿಚಿತವಲ್ಲ. ಅರಸರ ಏಳುಬೀಳುಗಳನ್ನು ಬರೆದಿಟ್ಟಷ್ಟು ಶ್ರದ್ಧೆಯಿಂದ ಬಳ್ಳಿಯ ಏಳುಬೀಳುಗಳನ್ನು ನಾವು ಬರೆದಿಟ್ಟಿಲ್ಲ. ಆದರೂ ಬಾಡಿದ ಎಲೆಯನ್ನು ಕಂಡು ಗಿಡದ ಬೇನೆಯನ್ನು ಅರಿಯುವ ವಿದ್ಯೆಗೆ ದೀರ್ಘವಾದ ಇತಿಹಾಸವುಂಟು. ಅದರಲ್ಲಿ ಕನ್ನಡಕ್ಕೂ ಗೌರವದ ಪಾಲಿದೆ.

ಆರನೆಯ ಶತಮಾನದ ವರಾಹಮಿಹಿರನು ತನ್ನ ‘ಬೃಹತ್ಸಂಹಿತೆ’ಯಲ್ಲಿ ಶೀತ, ಗಾಳಿ, ಬಿಸಿಲುಗಳಿಂದ ಗಿಡಗಳಿಗೆ ರೋಗ ಬರುವುದೆಂದು ಹೇಳಿ ಅದರ ಲಕ್ಷಣಗಳನ್ನು ಎಣಿಸುತ್ತಾನೆ: ಎಲೆ ಬಿಳಿಚಿಕೊಳ್ಳುವುದು, ಚಿಗುರು ಬೆಳೆಯದಿರುವುದು, ಕೊಂಬೆ ಒಣಗುವುದು, ರಸ ಸೋರುವುದು. ಕ್ರಿ.ಶ. 1025ರ ಸುಮಾರಿಗೆ ಕಲ್ಯಾಣದ ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿ ಎರಡನೆಯ ಚಾವುಂಡರಾಯನು ‘ಲೋಕೋಪಕಾರ’ವನ್ನು ರಚಿಸಿ, ಈ ವೃಕ್ಷಾಯುರ್ವೇದವನ್ನು ಕನ್ನಡಕ್ಕೆ ತಂದನು. ಅಡುಗೆ, ಅಂತರ್ಜಲದ ಶೋಧ, ದನಕರುಗಳ ಚಿಕಿತ್ಸೆ ಇವುಗಳ ಜೊತೆಯಲ್ಲಿಯೇ ಗಿಡಮರಗಳ ಆರೈಕೆಗೂ ಅಲ್ಲಿ ಸ್ಥಾನ ದೊರೆಯಿತು. ಪಾನುಂಗಲ್ಲು ಐನೂರು, ಎಂದರೆ ಇಂದಿನ ಹಾನಗಲ್ಲಿನ ಸೀಮೆ, ಅಂದು ಅದೇ ಚಾಲುಕ್ಯರ ಆಳ್ವಿಕೆಗೆ ಸೇರಿತ್ತು. ತರಗತಿಯಲ್ಲಿ ಈ ಗ್ರಂಥದ ಹೆಸರು ಹೇಳಿದಾಗ ವಿದ್ಯಾರ್ಥಿಗಳು ಪರೀಕ್ಷೆಗೆ ಬೇಕಾದ ಒಂದು ಇಸವಿಯೆಂದಷ್ಟೇ ಅದನ್ನು ಗುರುತು ಹಾಕಿಕೊಳ್ಳುವುದನ್ನು ನಾನು ಕಂಡಿದ್ದೇನೆ. ಅವರಲ್ಲಿ ಅನೇಕರು ತೋಟಗಾರರ ಮಕ್ಕಳೇ!

ಪ್ರಾಚೀನರ ಔಷಧಗಳೆಲ್ಲ ಇಂದು ಸಲ್ಲುತ್ತವೆಂದು ನಾನು ವಾದಿಸುವುದಿಲ್ಲ. ಅವರ ದೃಷ್ಟಿ ದೊಡ್ಡದು. ಗಿಡಕ್ಕೂ ಬೇನೆಯುಂಟು, ಆ ಬೇನೆಗೆ ಕಾರಣವುಂಟು, ಕಾರಣವನ್ನು ಲಕ್ಷಣದಿಂದ ಊಹಿಸಬೇಕು ಎಂಬುದೇ ಆ ದೃಷ್ಟಿ.

ಮುಂದಿನ ಅಧ್ಯಾಯವನ್ನು ಬರೆದವರು ಪಾಶ್ಚಾತ್ಯ ವಿಜ್ಞಾನಿಗಳು. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಯ ಬೆಳೆ ಕೊಳೆತು ಘೋರ ಕ್ಷಾಮ ಬಂದಿತು. ಅದಕ್ಕೆ ಕಾರಣವಾದ ಸೂಕ್ಷ್ಮಜೀವಿಗೆ ಜರ್ಮನಿಯ ಡಿ ಬಾರಿ 1876ರಲ್ಲಿ ‘ಫೈಟಾಫ್ತೊರಾ’ ಎಂದು ಹೆಸರಿಟ್ಟನು. ಗ್ರೀಕ್ ಭಾಷೆಯಲ್ಲಿ ಅದಕ್ಕೆ ಸಸ್ಯನಾಶಕವೆಂದು ಅರ್ಥ. 1885ರಲ್ಲಿ ಫ್ರಾನ್ಸಿನ ಮಿಲಾರ್ಡೆ ಮೈಲುತುತ್ತ ಮತ್ತು ಸುಣ್ಣಗಳ ಬೋರ್ಡೋ ದ್ರಾವಣವನ್ನು ಪ್ರಕಟಿಸಿದನು. ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಕೆಯ ಕೊಳೆರೋಗವನ್ನು ಕುರಿತು ಬರೆದಾಗ ‘ಕೊಳೆರೋಗ’ವೆಂಬ ನಮ್ಮ ಮಾತನ್ನೇ ಶೀರ್ಷಿಕೆಯಲ್ಲಿ ಉಳಿಸಿಕೊಂಡರು. ರೈತನ ಬಾಯಿಯ ಮಾತು ಹೀಗೆ ಶಾಸ್ತ್ರದ ಪುಟವನ್ನೇರಿತು. ಎಲೆಬಳ್ಳಿಯ ರೋಗಗಳನ್ನು ಭಾರತೀಯ ವಿಜ್ಞಾನಿ ದಸ್ತೂರರು ಮಧ್ಯಪ್ರಾಂತದಲ್ಲಿ ಅಭ್ಯಸಿಸಿ 1935ರಲ್ಲಿ ಬರೆದರು. ಬಳ್ಳಿಯ ಬುಡವನ್ನು ಕೊಳೆಸುವುದೂ ಅದೇ ಸಸ್ಯನಾಶಕನ ಕುಲ.

ಈ ಇತಿಹಾಸದಿಂದ ತೋಟಗಾರನಿಗೇನು ಲಾಭ? ಎಲೆ ಜೋತುಬಿದ್ದೊಡನೆ ನೀರು ಸಾಲದೆಂದು ಬಗೆಯುವುದು ಲೋಕರೂಢಿ. ಆದರೆ ನೀರು ನಿಂತ ಮಡಿಯಲ್ಲಿಯೂ ಎಲೆ ಜೋಲುತ್ತದೆ. ಬೇರಿಗೆ ಗಾಳಿಯೂ ಬೇಕು. ಅದು ಉಸಿರುಕಟ್ಟಿದಾಗ ಸುತ್ತಲೂ ನೀರಿದ್ದರೂ ಹೀರಲಾರದು. ಮಧ್ಯಾಹ್ನ ಬಾಡಿದ ಎಲೆ ಸಂಜೆಗೆ ನಿಮಿರಿದರೆ ಅದು ಬಿಸಿಲಿನ ಆಟ. ನೀರುಣಿಸಿದ ಮೇಲೂ ಹೊಳಪುಗೆಟ್ಟು, ಹಳದಿಯಾಗಿ, ಬುಡದಲ್ಲಿ ಕಪ್ಪಾಗಿ ಕೊಳೆತಿದ್ದರೆ ಅದು ರೋಗ. ಅಲ್ಲಿ ಇನ್ನಷ್ಟು ನೀರು ಹಾಯಿಸುವುದೆಂದರೆ ರೋಗವನ್ನು ನೆರೆಯ ಬಳ್ಳಿಗೆ ಕಳುಹಿಸಿದಂತೆಯೇ ಸರಿ.

ಹಳದಿಯಲ್ಲಿಯೂ ಭೇದವುಂಟು. ಸಾರಜನಕ ಕಡಮೆಯಾದರೆ ಮೊದಲು ಹಳದಿಯಾಗುವುದು ಕೆಳಗಿನ ಹಳೆಯ ಎಲೆ. ಬಳ್ಳಿ ಅದರಲ್ಲಿದ್ದುದನ್ನು ಹಿಂದಕ್ಕೆಳೆದು ಚಿಗುರಿಗೆ ಕೊಡುತ್ತದೆ, ಮನೆಯ ಹಿರಿಯರು ತಮ್ಮ ತುತ್ತನ್ನು ಮಕ್ಕಳಿಗೆ ಕೊಟ್ಟಂತೆ. ಕಬ್ಬಿಣ ಹಾಗೆ ಸರಿದಾಡದು. ಅದರ ಕೊರತೆಯಲ್ಲಿ ಎಳೆಯ ಎಲೆಯೇ ಬಿಳಿಚಿ, ನರಗಳಷ್ಟೇ ಹಸಿರಾಗಿ ಉಳಿಯುತ್ತವೆ. ಸುಣ್ಣದಂಶ ಹೆಚ್ಚಿದ ಕಪ್ಪುನೆಲದಲ್ಲಿ ಕಬ್ಬಿಣವಿದ್ದೂ ಬೇರಿಗೆ ದಕ್ಕದಿರಬಹುದು. ಆದ್ದರಿಂದ ಗೊಬ್ಬರಕ್ಕಿಂತ ಮೊದಲು ಮಣ್ಣಿನ ಪರೀಕ್ಷೆ ಆಗಬೇಕು.

ನಮ್ಮ ಹಿರಿಯರಿಗೆ ಈ ಹೆಸರುಗಳು ತಿಳಿದಿರಲಿಲ್ಲ. ಆದರೂ ಮಡಿಗಳ ನಡುವೆ ಬಸಿಗಾಲುವೆ ತೆಗೆದರು. ಚೊಗಚಿ, ನುಗ್ಗೆ, ಹಾಲವಾಣಗಳನ್ನು ನೆರಳಿಗೂ ಆಸರೆಗೂ ಬೆಳೆಸಿದರು. ಬಳ್ಳಿಯನ್ನು ಇಳಿಸಿ ಹೊಸ ಮಣ್ಣು, ಗೊಬ್ಬರ ಕೊಟ್ಟು ಹೊಸ ಬೇರು ಬರಿಸಿದರು. ಬಸಿಗಾಲುವೆಯೆಂಬುದು ಬರೆಯದೆ ಉಳಿದ ವೃಕ್ಷಾಯುರ್ವೇದ. ಅದು ಹೂಳುತುಂಬಿದ ತೋಟದಲ್ಲಿ ಯಾವ ದ್ರಾವಣವೂ ಬಹುಕಾಲ ರಕ್ಷಿಸದು.

ವೀಳ್ಯದೆಲೆಯನ್ನು ನಾವು ಬೇಯಿಸಿ ತಿನ್ನುವುದಿಲ್ಲ. ತೊಳೆದು, ಸುಣ್ಣ ಸವರಿ, ಹಸಿಯಾಗಿಯೇ ಬಾಯಿಗಿಡುತ್ತೇವೆ. ದೇವರ ಮುಂದೆ, ಮದುವೆಯ ನಿಶ್ಚಯದಲ್ಲಿ ಅದನ್ನೇ ಇಡುತ್ತೇವೆ. ರೋಗ ತಿಳಿಯದೆ ಸಿಂಪಡಿಸಿದ ಔಷಧ ಮೊದಲು ತಲುಪುವುದು ತಿನ್ನುವವನ ನಾಲಗೆಯನ್ನೇ. ಹೀಗಾಗಿ ಬೇನೆಯನ್ನು ಸರಿಯಾಗಿ ಗುರುತಿಸುವ ಹೊಣೆ ತೋಟಗಾರನೊಬ್ಬನದಲ್ಲ, ಅವನಿಗೆ ಅರಿವು ತಲುಪಿಸಬೇಕಾದ ನಮ್ಮೆಲ್ಲರದು. ಸಾವಿರ ವರ್ಷಗಳ ಹಿಂದೆ ಒಬ್ಬ ಕವಿ ಆ ಕೆಲಸವನ್ನು ಕನ್ನಡದಲ್ಲಿ ಮಾಡಿ, ಅದನ್ನು ಲೋಕಕ್ಕೆ ಉಪಕಾರವೆಂದೇ ಕರೆದನು.