ಕೌದಿಗೆ ಬೆರಳೇ ಇಸ್ತ್ರಿ

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ಹಳೆಯ ಸೀರೆ, ಧೋತರಗಳು ಕೌದಿಯಾಗಿ ಮತ್ತೆ ಬಳಕೆಗೆ ಬರುತ್ತಿದ್ದವು. ಅಮೆರಿಕದ ಕ್ವಿಲ್ಟ್‌ನಲ್ಲಿ ತುಂಡುಗಳ ಅಂಚಿಗೆ ಕಾಲು ಅಂಗುಲ ಬಟ್ಟೆ ಬಿಟ್ಟು ಹೊಲಿದು, ಅದನ್ನು ಇಸ್ತ್ರಿಯಿಂದ ಒಂದು ಬದಿಗೆ ಒತ್ತುವುದು ವಾಡಿಕೆ. ಕೌದಿಯಲ್ಲಿ ಅಳತೆ ಕಣ್ಣಿನದು, ಇಸ್ತ್ರಿ ಬೆರಳಿನದು. ಹಳೆ ಬಟ್ಟೆಯ ಪದರದ ಮೇಲೆ ತುಂಡು ಇಟ್ಟು, ಅಂಚನ್ನು ಒಳಕ್ಕೆ ಮಡಚಿ, ಒತ್ತಿ ಹಿಡಿದು ಹೊಲಿಯುತ್ತಾರೆ. ಮಡಿಕೆ ತೀರ ಕಿರಿದಾದರೆ ಒಗೆಯುವಾಗ ಎಳೆ ಬಿಚ್ಚಿಕೊಳ್ಳುತ್ತದೆ.

ಇದು ಸಾಧ್ಯವಾದದ್ದು ಹತ್ತಿಯಿಂದ. ಒಗೆದು ಒಗೆದು ಮೆತ್ತಗಾದ ಹತ್ತಿ ಬೆರಳಿಗೇ ಮಣಿಯುತ್ತದೆ. ಪಾಲಿಯೆಸ್ಟರ್‌ ಮಡಿಕೆ ನಿಲ್ಲದೆ ಪುಟಿದೇಳುತ್ತದೆ. 1985ರ ಜವಳಿ ನೀತಿ ಕೃತಕ ನೂಲಿಗೆ ಉತ್ತೇಜನ ನೀಡಿತು. ಕ್ರಮೇಣ ಮನೆಮನೆಯ ಹಳೆ ಬಟ್ಟೆಯ ಗಂಟೇ ಬದಲಾಯಿತು. ಕೌದಿ ಹೊಲಿಯುವ ಕೈಗಳು ಇಂದಿಗೂ ಇವೆ. ಆ ಕೈಗೆ ಒಗ್ಗುವ ಹಳೆ ಸೀರೆ ಅಪರೂಪವಾಗುತ್ತಿದೆ.